ಒಂದು ಗೇಣು ಸರಿದ ಕುರ್ಚಿ

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಸ್ಟುಡಿಯೋದ ಬಾಗಿಲು ತೆಗೆದಾಗ ಕಂಡಕ್ಟರ್‌ಗೆ ತನ್ನ ಮುಖ ಕಾಣಲಿಲ್ಲ.

ಉಳಿದದ್ದೆಲ್ಲ ಇತ್ತು. ಗೋಡೆಯ ಮೇಲೆ ಎತ್ತರಕ್ಕೆ ತೂಗುಹಾಕಿದ ಆಳೆತ್ತರದ ಕ್ಯಾನ್ವಾಸ್. ಅದರಲ್ಲೊಂದು ಕುರ್ಚಿ. ಕುರ್ಚಿಯಲ್ಲಿ ಅವನ ಬರಿ ಎದೆ, ಜೋತ ಹೊಟ್ಟೆ, ತೊಡೆಯ ಮೇಲೆ ಸುಮ್ಮನೆ ಮಲಗಿದ ಎರಡು ಕೈ. ಕುತ್ತಿಗೆಯಿಂದ ಮೇಲೆ ಮಾತ್ರ ಬರೀ ಬಿಳಿ. ಯಾರೋ ಅಗಲವಾದ ಬ್ರಷ್ಷಿನಿಂದ ನಾಲ್ಕು ಸಲ ಎಳೆದು ಕೆಲಸ ಮುಗಿಸಿದ್ದರು.

ಚಿತ್ರದ ಕೆಳಗೆ ನೆಲದ ಮೇಲೆ ದಪ್ಪನೆಯ ಬಿಳಿ ಹನಿಯೊಂದು ಬಿದ್ದಿತ್ತು. ಉಗುರಿನಿಂದ ಒತ್ತಿ ನೋಡಿದ. ಒಳಗಿನವರೆಗೂ ಗಟ್ಟಿಯಾಗಿತ್ತು.

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಸಮವಸ್ತ್ರ ತೊಟ್ಟು ದುಡಿದ ಮನುಷ್ಯ ಅವನು. ನಿವೃತ್ತಿಯಾದ ಮೇಲೆ ಸಿಕ್ಕಿದ್ದು ಬಟ್ಟೆಯೇ ಬೇಡದ ಕೆಲಸ. ಸೋಮವಾರ, ಶುಕ್ರವಾರ ಸ್ಟುಡಿಯೋದ ಒಡತಿ, ಚಿತ್ರ ಬರೆಯುವ ಅಕ್ಕನ ಎದುರು ಕೂರುವುದು. ಬುಧವಾರ ಸಂಜೆ, ಮನುಷ್ಯದೇಹ ನೋಡಿ ಬರೆಯುವುದನ್ನು ರೂಢಿ ಮಾಡಿಕೊಳ್ಳಲು ಬರುವ ಮೂವರ ಎದುರು ಕೂರುವುದು. ದಿನಾ ಬೆಳಗ್ಗೆ ಕಸ ಗುಡಿಸಿ, ಬ್ರಷ್ ಅದ್ದುವ ಜಾಡಿಗಳಿಗೆ ನೀರು ತುಂಬುವುದನ್ನು ಅವನೇ ಮೈಮೇಲೆ ಹಾಕಿಕೊಂಡಿದ್ದ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಮನೆಯಲ್ಲಿ ಅವನನ್ನು ಕನ್ನಡಿಯೊಂದೇ ನೋಡುತ್ತಿತ್ತು. ಇಲ್ಲಿ ಎಂಟು ಕಣ್ಣುಗಳು, ಒಂದೊಂದು ಸುಕ್ಕನ್ನೂ ಅಳೆದು ನೋಡುತ್ತಿದ್ದವು.

* * *

ಅಕ್ಕ ಬಂದಳು. ನೋಡಿದಳು. ಕೂಗಲಿಲ್ಲ. ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ಒರೆಸಕ್ಕಾಗಲ್ವಾ ಅಕ್ಕ?" ವಯಸ್ಸಿನಲ್ಲಿ ಅವಳು ಚಿಕ್ಕವಳೇ. ಎಲ್ಲರೂ ಅಕ್ಕ ಎನ್ನುತ್ತಿದ್ದರು, ಅವನೂ ಅನ್ನುತ್ತಿದ್ದ.

"ಇದು ಅಕ್ರಿಲಿಕ್, ಕಂಡಕ್ಟ್ರೇ. ತೆಳ್ಳಗೆ ಬಳಿದರೆ ಅರ್ಧ ಗಂಟೆಗೆ ಒಣಗಿ ಪ್ಲಾಸ್ಟಿಕ್ ಆಗುತ್ತೆ. ಕೆಳಗಿನ ಮುಖ ಹೋಯ್ತು ಅಂತಲೇ ಲೆಕ್ಕ. ಹನ್ನೊಂದು ತಿಂಗಳು." ಅವಳ ದನಿ ಒಡೆಯಿತು. "ಸೋಮವಾರ ಪ್ರದರ್ಶನಕ್ಕೆ ಹೋಗಬೇಕಿತ್ತು. ಒಂಬತ್ತು ವರ್ಷದ ಮೇಲೆ ಮೊದಲನೇದು."

"ಬೀಗ ಸರಿಯಾಗೇ ಇತ್ತು."

"ಅದೇ ನಾನೂ ಯೋಚನೆ ಮಾಡ್ತಿರೋದು." ಅವಳು ಅವನತ್ತ ತಿರುಗಿದಳು. "ಕೀಲಿಕೈ ಇರೋದು ಎರಡೇ. ಒಂದು ನನ್ನ ಹತ್ರ. ನಿನ್ನೆ ಸಂಜೆ ಆರರ ಮೇಲೆ ಎಲ್ಲಿದ್ರಿ?"

"ಮನೇಲಿ."

"ಯಾರು ನೋಡಿದ್ದಾರೆ?"

"ಯಾರೂ ಇಲ್ಲ. ನಾಲ್ಕು ವರ್ಷದಿಂದ ಯಾರೂ ನೋಡಿಲ್ಲ."

"ಚಿತ್ರ ಪ್ರದರ್ಶನಕ್ಕೆ ಹೋದ ಮೇಲೆ ಆರು ತಿಂಗಳು ಸ್ಟುಡಿಯೋ ಮುಚ್ತೀನಿ ಅಂದಾಗ ನೀವೇನು ಅಂದ್ರಿ? ಇದು ಮುಗಿದೇ ಹೋದ್ರೆ ನಾನೆಲ್ಲಿಗೆ ಹೋಗಲಿ ಅಂದ್ರಿ. ಎಲ್ಲರೂ ಕೇಳಿಸ್ಕೊಂಡಿದ್ದಾರೆ."

ಅಂದದ್ದು ನಿಜ. ತಮಾಷೆಗೆ ಅಂದದ್ದು ಎನ್ನಲು ಹೋದ. ಅದು ತಮಾಷೆಯಾಗಿರಲಿಲ್ಲ.

"ಕೀಲಿಕೈ ಕೊಟ್ಟುಬಿಡಿ. ಸಂಜೆ ಪೊಲೀಸಿಗೆ ದೂರು ಕೊಡ್ತೀನಿ. ಯಾರು ಅಂತ ತಿಳಿಯೋವರೆಗೂ ಈ ಕಡೆ ಬರಬೇಡಿ."

ಕೀಲಿಕೈಯನ್ನು ಮೇಜಿನ ಮೇಲಿಟ್ಟ. "ಸಂಜೆ ಆರರವರೆಗೆ ಟೈಮ್ ಕೊಡಿ ಅಕ್ಕ. ಟಿಕೆಟ್ ಇಲ್ಲದವರನ್ನ ಮೂವತ್ತೊಂದು ವರ್ಷ ಹಿಡಿದಿದ್ದೀನಿ. ನೂರು ಜನರ ಮಧ್ಯೆ."

ಅವಳು ಬಾಗಿಲ ಕಡೆ ಕೈ ತೋರಿಸಲಿಲ್ಲ. ಅವನು ಅದನ್ನೇ ಒಪ್ಪಿಗೆ ಎಂದುಕೊಂಡ.

* * *

ಮೊದಲು ಬ್ರಷ್ ಹುಡುಕಿದ. ತೊಟ್ಟಿಯ ಪಕ್ಕ, ಜಾಡಿಯಲ್ಲಿ ತಲೆ ಮೇಲೆ ಮಾಡಿ ನಿಂತಿತ್ತು. ಚೊಕ್ಕಟವಾಗಿ ತೊಳೆದು, ಕೂದಲನ್ನು ಬೆರಳಲ್ಲಿ ಹಿಂಡಿ ನೆಟ್ಟಗೆ ಮಾಡಿಟ್ಟಿದ್ದರು. ಚಿತ್ರ ಹಾಳುಮಾಡಿದವರು ಬ್ರಷ್ ಹಾಳಾಗಲು ಬಿಟ್ಟಿರಲಿಲ್ಲ. ಹೊರಗಿನವರಾಗಿದ್ದರೆ ಎಸೆದು ಹೋಗುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅದು ಕಡ್ಡಿಯಾಗಿರುತ್ತಿತ್ತು. ಇದು ಇಲ್ಲೇ ಪಳಗಿದ ಕೈ.

ಯೋಚಿಸಲು ತನ್ನ ಕುರ್ಚಿಯಲ್ಲಿ ಕುಳಿತ. ತಕ್ಷಣ ಎದ್ದ. ಮತ್ತೆ ಕುಳಿತ.

ಅಲುಗಾಡದೆ ಕೂರಬೇಕಾದರೆ ಕಣ್ಣಿಗೊಂದು ಗುರಿ ಬೇಕು. ಅವನದು ಎದುರಿನ ಗೋಡೆಯ ಮೂರನೆಯ ಸ್ವಿಚ್ಚು. ನಾಲ್ಕು ಬುಧವಾರ ಒಂದೇ ಭಂಗಿ, ಒಂದೇ ಸ್ವಿಚ್ಚು. ಈಗ ನೇರಕ್ಕೆ ಕಂಡದ್ದು ಬಾಗಿಲ ಹಿಡಿ.

ಕೆಳಗೆ ಬಗ್ಗಿ ನೋಡಿದ. ಕುರ್ಚಿ ವಾರದಿಂದ ವಾರಕ್ಕೆ ಕದಲಬಾರದೆಂದು ನಾಲ್ಕು ಕಾಲಿನ ಸುತ್ತ ನೀಲಿ ಟೇಪು ಅಂಟಿಸಿದ್ದರು. ಟೇಪು ಈಗ ನೆಲದ ಮೇಲಿರಲಿಲ್ಲ. ಕಸದ ಡಬ್ಬಿಯಲ್ಲಿ ಉಂಡೆಯಾಗಿ ಬಿದ್ದಿತ್ತು.

"ಅಕ್ಕ, ನಿನ್ನೆ ಫೋಟೋ ತೆಗೆದ್ರಾ?"

ಅದು ಅವಳ ಪದ್ಧತಿ. ದಿನದ ಕೊನೆಗೆ, ಚಿತ್ರ ಎಲ್ಲಿಗೆ ಬಂತೆಂದು ಒಂದು ಫೋಟೋ. ಫೋನು ಚಾಚಿದಳು. ಆರು ಗಂಟೆ ಹತ್ತು ನಿಮಿಷ. ಮುಖ ಇತ್ತು. ಮೂಲೆಯಲ್ಲಿ ಕುರ್ಚಿಯ ಕಾಲು, ಕಾಲಿನ ಬುಡದಲ್ಲಿ ನೀಲಿ ಟೇಪು.

"ಆಮೇಲೆ?"

"ದೀಪ ಆರಿಸಿ, ಬಾಗಿಲು ಎಳ್ಕೊಂಡು ಹೋದೆ."

"ಎಳೆದರೆ ತಾನಾಗೇ ಬೀಗ ಬೀಳುತ್ತೆ. ಬಚ್ಚಲು ನೋಡಿದ್ರಾ?"

ಅಕ್ಕ ತಿರುಗಿ ಬಚ್ಚಲ ಬಾಗಿಲು ನೋಡಿದಳು.

"ಒಳಗಿದ್ದವರಿಗೆ ಹೊರಗೆ ಹೋಗಕ್ಕೆ ಕೀಲಿಕೈ ಬೇಡ ಅಕ್ಕ. ಮೂವರಿಗೂ ಫೋನ್ ಮಾಡಿ, ಬರಕ್ಕೆ ಹೇಳಿ."

* * *

ಐದಕ್ಕೆ ಮೂವರೂ ಬಂದರು. ಹಲ್ಲಿನ ಡಾಕ್ಟರ್, ಶಾಲೆಯಿಂದ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು, ಟೈಲರಮ್ಮ. ಬಿಳಿ ಮುಖ ನೋಡಿ ಮೂವರೂ ನಿಂತಲ್ಲೇ ನಿಂತರು.

ಅಕ್ಕನ ಕಣ್ಣು ಡಾಕ್ಟರ ತೋಳಿನ ಮೇಲೆ ಬಿತ್ತು. "ಅದೇನು ಬಿಳಿ?"

"ಹಲ್ಲಿನ ಅಚ್ಚು ತೆಗೆಯೋ ಪುಡಿ. ಬೇಕಿದ್ರೆ ಮೂಸಿ ನೋಡಿ."

"ಚಿತ್ರ ಕೊಂಡ್ಕೊಳ್ತೀನಿ ಅಂದ್ರಿ. ನಾನು ಕೊಡಲ್ಲ ಅಂದೆ."

"ಅಯ್ಯೋ ತಾಯಿ, ಕೀಳಕ್ಕೆ ಕೊಡದ ಹಲ್ಲನ್ನೆಲ್ಲ ಮುರಿಯೋನಾಗಿದ್ರೆ ನನ್ನ ಅಂಗಡಿ ಎಂದೋ ಮುಚ್ತಿತ್ತು."

"ಮೂಗು ಸರಿಯಿಲ್ಲ ಅಂದಿದ್ದು ನಾನು," ಎಂದರು ಮೇಷ್ಟ್ರು, ಯಾರೂ ಕೇಳದೆಯೇ. "ಈಗಲೂ ಅಂತೀನಿ. ಆದರೆ ಮೂಗು ಸರಿಯಿಲ್ಲ ಅಂತ ಯಾರಾದ್ರೂ ತಲೆಯನ್ನೇ ತೆಗೀತಾರಾ?"

ಟೈಲರಮ್ಮ ಸೆರಗಿನ ಅಂಚನ್ನು ಬೆರಳಲ್ಲಿ ಮಡಚಿ ಬಿಡಿಸುತ್ತಿದ್ದರು.

"ನಿಮ್ಮ ನಿಮ್ಮ ಜಾಗಕ್ಕೆ ಹೋಗಿ ನಿಂತ್ಕೊಳ್ಳಿ," ಎಂದ ಕಂಡಕ್ಟರ್. ಯಾರನ್ನು ನೋಡಿಯೂ ಹೇಳಲಿಲ್ಲ.

ಮೂವರ ಜಾಗವೂ ಗೊತ್ತಾದದ್ದೇ. ಡಾಕ್ಟರದು ಕಿಟಕಿಯ ಪಕ್ಕ, ಮೇಷ್ಟರದು ನಡುವೆ, ಟೈಲರಮ್ಮನದು ತೊಟ್ಟಿಯ ಬಳಿ. ನಾಲ್ಕು ವಾರದಿಂದ ಇದ್ದಿಲಿನಲ್ಲಿ ಬರೆಯುತ್ತಿದ್ದ ಚಿತ್ರಗಳು ಹಲಗೆಗಳ ಮೇಲೆ ಹಾಗೇ ಇದ್ದವು.

"ಡಾಕ್ಟ್ರೇ, ನಿಮ್ಮ ಚಿತ್ರದಲ್ಲಿ ಕುರ್ಚಿಯ ಬೆನ್ನು ಎಲ್ಲಿಗೆ ಬರುತ್ತೆ?"

"ಹಿಂದಿನ ನೀರಿನ ಕೊಳವೆಗೆ ತಾಗಿಕೊಂಡ ಹಾಗೆ."

"ಈಗ?"

ಡಾಕ್ಟರ್ ಒಂದು ಕಣ್ಣು ಮುಚ್ಚಿ ನೋಡಿದರು. "ಮಧ್ಯೆ ಒಂದು ಗೇಣು ಜಾಗ ಇದೆ."

"ಮೇಷ್ಟ್ರೇ?"

"ನನ್ನದ್ರಲ್ಲಿ ಬೆನ್ನು ಪರದೆಯ ಅಂಚನ್ನ ಮುಚ್ಚಿದೆ. ಈಗ ಅಂಚು ಪೂರ್ತಿ ಕಾಣ್ತಿದೆ." ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನನ್ನ ಚಿತ್ರ ತಪ್ಪಲ್ಲ. ಅದನ್ನ ಮಾತ್ರ ಹೇಳಬೇಡಿ."

"ತಪ್ಪಲ್ಲ. ಕುರ್ಚಿ ತಪ್ಪು."

ಕಂಡಕ್ಟರ್ ತೊಟ್ಟಿಯ ಬಳಿ ಹೋಗಿ ಟೈಲರಮ್ಮನ ಹೆಗಲ ಹಿಂದೆ ನಿಂತ. ಹಲಗೆಯನ್ನು ನೋಡಿದ, ಕುರ್ಚಿಯನ್ನು ನೋಡಿದ. ಚಿತ್ರದಲ್ಲಿ ಕುರ್ಚಿಯ ತೋಳು ಕಿಟಕಿಯ ಚಿಲಕದ ಅರ್ಧಕ್ಕೆ ಬಂದಿತ್ತು. ಎದುರಿಗೂ ಅರ್ಧಕ್ಕೇ ಬಂದಿತ್ತು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಅಕ್ಕ ಒಳ್ಳೇ ಎತ್ತರ. ಆ ಮುಖ ಕೈಗೆ ಸಿಗುತ್ತೆ," ಎಂದ ಅವನು. "ನಮಗ್ಯಾರಿಗೂ ಸಿಗಲ್ಲ. ಬಳಿದವರು ಈ ಕುರ್ಚಿ ಎಳ್ಕೊಂಡು ಹೋಗಿ ಹತ್ತಿದ್ರು. ಭಾರದ ಕುರ್ಚಿ, ಎಳೆಯುವಾಗ ಟೇಪು ಕಿತ್ತು ಬಂತು. ಆಮೇಲೆ ವಾಪಸ್ ಇಡಬೇಕು, ಗುರುತಿಲ್ಲ. ಏನು ಮಾಡೋದು? ತಮ್ಮ ಚಿತ್ರ ನೋಡ್ಕೊಂಡು ಇಟ್ರು. ಒಂದೇ ಜಾಗದಲ್ಲಿ ನಿಂತು ನೋಡಿ ಇಟ್ಟಿದ್ದು ಆ ಜಾಗಕ್ಕೆ ಸರಿಯಾಗಿ ಕಾಣುತ್ತೆ. ದೂರ ಮಾತ್ರ ತಪ್ಪುತ್ತೆ. ಒಂದು ಗೇಣು ಮುಂದೆ ಬಂದಿದ್ದು ಬೇರೆ ಎಲ್ಲ ಜಾಗದಿಂದಲೂ ತಪ್ಪು. ಕೂತೋನಿಗೆ ಅಂತೂ ಪೂರ್ತಿ ತಪ್ಪು."

ಅವನು ಬಚ್ಚಲ ಬಾಗಿಲತ್ತ ತಿರುಗಿದ.

"ನಿನ್ನೆ ನಾವೆಲ್ಲ ಮೆಟ್ಟಿಲು ಇಳಿದು ಹೋದ್ವಿ. ಟೈಲರಮ್ಮ ಇಳಿದಿದ್ದು ಯಾರಾದ್ರೂ ನೋಡಿದ್ರಾ? ಯಾವಾಗಲೂ ಬಸ್ಸಿಗೆ ಓಡ್ತಾರಲ್ಲ, ಹೋಗಿರಬೇಕು ಅಂದ್ಕೊಂಡ್ವಿ. ನಾನೂ ಹಾಗೇ ಅಂದ್ಕೊಂಡೆ."

ಟೈಲರಮ್ಮ ಸೆರಗು ಬಿಟ್ಟರು. "ಬಸ್ಸಿಗೆ ಓಡ್ತಿರಲಿಲ್ಲ," ಎಂದರು. "ಯಾಕೆ ಇನ್ನೂ ಕೂತಿದ್ದಾಳೆ ಅಂತ ಯಾರಾದ್ರೂ ಅಂದ್ಕೊಂಡಾರು ಅಂತ ಓಡ್ತಿದ್ದೆ. ನಿಲ್ದಾಣದಲ್ಲಿ ಮೂರು ಬಸ್ ಬಿಟ್ಟು ಹತ್ತುತ್ತಿದ್ದೆ."

"ಯಾಕಮ್ಮಾ?" ಅಕ್ಕನ ದನಿಯಲ್ಲಿ ಸಿಟ್ಟಿಗಿಂತ ದಿಗಿಲು ಹೆಚ್ಚಿತ್ತು. "ನಾನು ನಿಮಗೇನು ಮಾಡಿದ್ದೆ?"

"ಏನೂ ಇಲ್ಲ. ಮುಗಿಸ್ತಿದ್ರಿ, ಅಷ್ಟೇ. ಅಂಗಡೀಲಿ ಇಡೀ ದಿನ ಜನ ಬರ್ತಾರೆ. ಬಟ್ಟೆ ನೋಡ್ತಾರೆ, ಹೋಗ್ತಾರೆ. ಬಂದ್ರಾ, ಕೂತ್ಕೊಳ್ಳಿ ಅನ್ನೋರು ಬುಧವಾರ ಇಲ್ಲಿ ಮಾತ್ರ. ಮುಖ ಒಂದು ಹೋದ್ರೆ ಮತ್ತೆ ಬರೀಬೇಕಾಗುತ್ತೆ, ಇನ್ನೊಂದಷ್ಟು ಬುಧವಾರ ಸಿಗುತ್ತೆ ಅಂತ..." ಮಾತು ಅಲ್ಲಿಗೇ ನಿಂತಿತು. "ಕಂಡಕ್ಟರ ಮೇಲೆ ಬರುತ್ತೆ ಅಂತ ಹೊಳೀಲಿಲ್ಲ. ಆಣೆ ಮಾಡ್ತೀನಿ."

* * *

ಅಕ್ಕ ದೂರು ಕೊಡಲಿಲ್ಲ. ಕ್ಷಮಿಸಲೂ ಇಲ್ಲ.

"ಚಿತ್ರ ಈ ಸಲ ಹೋಗಲ್ಲ," ಎಂದಳು. "ಬುಧವಾರದ ಕ್ಲಾಸು ಇವತ್ತಿಗೆ ಮುಗೀತು. ಮೂವರೂ ನಿಮ್ಮ ನಿಮ್ಮ ಹಲಗೆ ತಗೊಂಡು ಹೋಗಿ." ಮೇಜಿನ ಮೇಲಿದ್ದ ಕೀಲಿಕೈಯನ್ನು ಕಂಡಕ್ಟರ್ ಕೈಗಿಟ್ಟಳು. ಮುಖವೆತ್ತಿ ನೋಡಲು ಅವಳಿಗೆ ಆಗಲಿಲ್ಲ. "ತಪ್ಪು ನನ್ನದು. ಸೋಮವಾರದಿಂದ ಬನ್ನಿ. ಮುಖ ಮತ್ತೆ ಮೊದಲಿಂದ."

ಅವನ ಜಾಗ ಅವನಿಗೆ ಉಳಿಯಿತು. ಎಂಟು ಕಣ್ಣುಗಳಲ್ಲಿ ಎರಡು ಉಳಿದವು.

ಬಸ್ ನಿಲ್ದಾಣದಲ್ಲಿ ಟೈಲರಮ್ಮ ಹಲಗೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಅವನು ಸ್ವಲ್ಪ ದೂರದಲ್ಲಿ ನಿಂತ. ಒಂದು ಬಸ್ಸು ಬಂದು ಹೋಯಿತು.

"ನನ್ನ ಕಡೆ ಬೆರಳು ತೋರಿಸಿದ್ದು ನೀವೇ," ಎಂದರು ಆಕೆ.

"ಹೌದು. ಸುಮ್ಮನಿದ್ದಿದ್ರೆ ನನ್ನ ಕಡೆ ತೋರಿಸ್ತಿದ್ರು."

"ಅದೂ ಸರಿ."

ಎರಡನೆಯ ಬಸ್ಸೂ ಹೋಯಿತು. ಕಂಡಕ್ಟರ್ ರಸ್ತೆಯತ್ತಲೇ ನೋಡುತ್ತ ಹೇಳಿದ: "ನಿಮ್ಮ ಚಿತ್ರದಲ್ಲಿ ನನ್ನ ಪಾದ ಇನ್ನೂ ಬಾಕಿ ಇದೆ. ಬುಧವಾರ ನಾನು ಮನೇಲೇ ಇರ್ತೀನಿ. ಬೇಕಿದ್ರೆ ಮೇಷ್ಟ್ರು, ಡಾಕ್ಟ್ರೂ ಬರಲಿ. ಅಂಗಿ ಮಾತ್ರ ಬಿಚ್ಚಲ್ಲ. ಪಕ್ಕದ ಮನೆಯೋರು ಹೆದರ್ಕೋತಾರೆ."

ಟೈಲರಮ್ಮ ನಗಲಿಲ್ಲ. ಮೂರನೆಯ ಬಸ್ಸು ತಿರುವಿನಲ್ಲಿ ಕಂಡಿತು.

"ನಿಮ್ಮ ಮನೇಲಿ ಬೆಳಕು ಯಾವ ಕಡೆಯಿಂದ ಬೀಳುತ್ತೆ?" ಎಂದು ಕೇಳಿದರು.

ಮೂವತ್ತು ವರ್ಷದಿಂದ ಅದೇ ಮನೆಯಲ್ಲಿದ್ದರೂ ಅವನಿಗದು ಗೊತ್ತಿರಲಿಲ್ಲ.

"ನಾಳೆ ನೋಡಿ ಹೇಳ್ತೀನಿ," ಎಂದ.