ಕೂರದ ತುಂಡು

"ಕೂತ್ಕೋ! ಕೂತ್ಕೋ ಅಂದ್ರೆ ಕೂತ್ಕೋಬೇಕು!"

ಡ್ರೈವರ್ ಮಾವ ಬೈಯುತ್ತಿದ್ದದ್ದು ಮನುಷ್ಯರನ್ನಲ್ಲ, ಹೆಬ್ಬೆರಳಿನಷ್ಟಿದ್ದ ಒಂದು ರಟ್ಟಿನ ತುಂಡನ್ನು. ಒತ್ತಿದರು. ತಿರುಗಿಸಿ ಒತ್ತಿದರು. ಕೊನೆಗೆ ಮುಷ್ಟಿ ಕಟ್ಟಿ ಗುದ್ದಿಯೂ ನೋಡಿದರು. ತುಂಡು ಜಪ್ಪಯ್ಯ ಅಂದರೂ ಕೂರಲಿಲ್ಲ.

ಊಟದ ಡಬ್ಬಿ ಹಿಡಿದು ಬಂದ ಪಟಾಕಿ ಬಾಗಿಲಲ್ಲೇ ನಿಂತುಬಿಟ್ಟಳು.

ಪಟಾಕಿ ಅವಳ ನಿಜವಾದ ಹೆಸರೇನೂ ಅಲ್ಲ. ಬಾಯಿ ತೆರೆದರೆ ನಿಲ್ಲಿಸದ ಹುಡುಗಿಗೆ ಇಡೀ ಬಿಲ್ಡಿಂಗ್ ಸೇರಿ ಇಟ್ಟ ಹೆಸರು. ಆದರೆ ಮೂರು ದಿನದಿಂದ ಆ ಬಾಯಿಗೆ ಬೀಗ ಬಿದ್ದಿತ್ತು.

"ಏನಮ್ಮಾ, ಪಟಾಕಿ ಠುಸ್ ಆಗಿಬಿಟ್ಟಿದೆಯಲ್ಲ?"

"ಏನಿಲ್ಲ ಮಾವ. ಅಮ್ಮ ಊಟ ಕಳಿಸಿದ್ದಾರೆ."

ಮಾವ ಕೆಳಗಿನ ಮನೆಯವರು. ಸಿಟಿ ಬಸ್ ಓಡಿಸುವವರು. ಡಿಪೋದಲ್ಲಿ ಬಸ್ ತೊಳೆಯುವ ಕಡೆ ಜಾರಿ ಬಿದ್ದು ಬಲಗಾಲಿಗೆ ಪ್ಲಾಸ್ಟರ್, ಹಣೆಗೆ ಮೂರು ಹೊಲಿಗೆ. ಅತ್ತೆ ನರ್ಸ್, ಈ ವಾರ ಅವರಿಗೆ ಸಂಜೆ ಡ್ಯೂಟಿ. ಹಾಗಾಗಿ ಮಾವ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಒಬ್ಬರೇ ಕೂತಿರುತ್ತಿದ್ದರು.

ಮುಂದಿನ ಮೇಜಿನ ಮೇಲೆ ಒಂದು ದೊಡ್ಡ ಪಝಲ್. ಸಮುದ್ರ, ಬಂಡೆ, ಲೈಟ್‌ಹೌಸ್, ಮೇಲೆ ಬರೀ ನೀಲಿ ಆಕಾಶ. ಐನೂರು ತುಂಡುಗಳಲ್ಲಿ ನಾನೂರ ತೊಂಬತ್ತೊಂಬತ್ತು ಕೂತಿದ್ದವು. ಆಕಾಶದಲ್ಲಿ ಒಂದು ತೂತು, ಮಾವನ ಕೈಯಲ್ಲಿ ಒಂದು ತುಂಡು.

"ಆಕಾಶ ಪೂರ್ತಿ ಮೂರು ಸಲ ಬಿಚ್ಚಿ ಜೋಡಿಸ್ದೆ. ಎಲ್ಲಿ ತಪ್ಪು ಮಾಡಿದ್ದೀನೋ ಗೊತ್ತಾಗ್ತಿಲ್ಲ."

ತಪ್ಪು ಎಲ್ಲಿದೆ ಎಂದು ಗೊತ್ತಿದ್ದದ್ದು ಒಬ್ಬಳಿಗೇ. ಅವಳು ಡಬ್ಬಿ ಹಿಡಿದು ನಿಂತಿದ್ದಳು.

ಸ್ಕೂಲ್ ಬಿಟ್ಟ ಮೇಲೆ ಅಪ್ಪ ಅಮ್ಮ ಬರುವ ತನಕ ಮನೆಯಲ್ಲಿ ಪಟಾಕಿ ಒಬ್ಬಳೇ. ಆ ಹೊತ್ತಿಗೆ ಅವಳ ಜೊತೆ ಇರುತ್ತಿದ್ದದ್ದು ಆಟಿಕೆ ಲೈಬ್ರರಿಯಿಂದ ಕಾರ್ಡು ತೋರಿಸಿ ತರುತ್ತಿದ್ದ ಪಝಲ್‌ಗಳು. ಲೈಬ್ರರಿ ಮೇಡಂ ವಾಪಸ್ ಬಂದ ತುಂಡುಗಳನ್ನು ಎಣಿಸುತ್ತಿರಲಿಲ್ಲ. ಐನೂರು ತುಂಡು ಯಾರು ಎಣಿಸುತ್ತಾರೆ? ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರು. ಪ್ರತಿ ಡಬ್ಬದ ಮುಚ್ಚಳದ ಮೇಲೂ ಅದರ ತೂಕ ಬರೆದಿರುತ್ತಿತ್ತು. ಕಡಿಮೆ ಬಂತೋ, ನಿಮ್ಮ ಕಾರ್ಡು ಮೇಡಂ ಡ್ರಾಯರ್ ಸೇರಿತು ಅಂತಲೇ ಲೆಕ್ಕ.

ಲೈಟ್‌ಹೌಸ್ ಡಬ್ಬದ ತೂಕ 612 ಗ್ರಾಂ. ಅದರ ಒಂದು ತುಂಡನ್ನು ಪಟಾಕಿ ಕಳೆದುಕೊಂಡಿದ್ದಳು. ಮಂಚದ ಕೆಳಗೆ, ಸ್ಕೂಲ್ ಬ್ಯಾಗಲ್ಲಿ, ಕಸದ ಬುಟ್ಟಿಯಲ್ಲಿ, ಎಲ್ಲೂ ಸಿಗಲಿಲ್ಲ. ಅವಳ ಹತ್ತಿರ ಸ್ವಂತದ್ದೊಂದು ಹಡಗಿನ ಪಝಲ್ ಇತ್ತು. ಅದೇ ಕಂಪನಿ, ಅಷ್ಟೇ ದಪ್ಪ, ಅದೇ ನೀಲಿ. ಅದರಿಂದ ಒಂದು ತುಂಡು ತೆಗೆದು ಲೈಟ್‌ಹೌಸ್ ಡಬ್ಬಕ್ಕೆ ಹಾಕಿದಳು. ತಕ್ಕಡಿ 612 ತೋರಿಸಿತು. "ಗುಡ್ ಗರ್ಲ್" ಎಂದರು ಮೇಡಂ.

ಅಲ್ಲಿಗೆ ಮುಗಿಯಬೇಕಿತ್ತು. ಮರುವಾರವೇ ಡ್ರೈವರ್ ಮಾವ, "ಕೂತು ಕೂತು ತಲೆ ಚಿಟ್ಟು ಹಿಡೀತು. ನೀನು ಆಡ್ತೀಯಲ್ಲ, ಅಂಥದ್ದೊಂದು ನಂಗೂ ತಂದ್ಕೊಡು" ಅಂದರು. ಮೇಡಂ ಶೆಲ್ಫಿನಿಂದ ತೆಗೆದುಕೊಟ್ಟದ್ದು ಅದೇ ಲೈಟ್‌ಹೌಸ್. "ಇದು ನೀನು ಮಾಡಿರೋದೇ. ಅವ್ರು ಸಿಕ್ಕಾಕೊಂಡ್ರೆ ಹೆಲ್ಪ್ ಮಾಡ್ತೀಯ." ಪಟಾಕಿ ತನ್ನ ಕೈಯಾರೆ ಅದನ್ನು ಹೊತ್ತು ತಂದಳು.

ಮಾವ ಈಗ ತುಂಡನ್ನು ಕೆಳಗಿಟ್ಟು ಹಣೆಯ ಹೊಲಿಗೆ ಮುಟ್ಟಿಕೊಂಡರು.

"ತಲೆಗೆ ಏನೂ ಆಗಿಲ್ಲ ಅಂದ್ರು ಡಾಕ್ಟ್ರು. ಆದ್ರೆ ನೋಡು, ಮಕ್ಕಳು ಮಾಡೋ ಕೆಲ್ಸ ನನ್ ಕೈಲಿ ಆಗ್ತಿಲ್ಲ. ಐವತ್ತು ಜನರನ್ನ ಕೂರಿಸ್ಕೊಂಡು ಬಸ್ ಹೇಗೆ ಓಡಿಸ್ಲಿ?"

ಪಟಾಕಿ ನಗಲು ನೋಡಿದಳು. ಮಾವ ತಮಾಷೆ ಮಾಡುತ್ತಿರಲಿಲ್ಲ.

"ಮ್ಯಾನೇಜರ್‌ಗೆ ಹೇಳಿಬಿಡ್ತೀನಿ. ಇನ್ನು ಸ್ಟೇರಿಂಗ್ ಬೇಡ ಸಾರ್, ಪಾಸ್ ಕೌಂಟರಲ್ಲಿ ಕೂರಿಸಿ ಅಂತ."

ಫೋನ್ ತೆಗೆದು ಸ್ಪೀಕರ್ ಒತ್ತಿದರು. ರಿಂಗ್ ಆಗತೊಡಗಿತು.

ಹೇಳಿದರೆ ಕಾರ್ಡು ಹೋಗುತ್ತದೆ. ಅಮ್ಮನಿಗೂ ಗೊತ್ತಾಗುತ್ತದೆ. ಮಾವ ಇನ್ನೆಂದೂ ಮಾತಾಡಿಸಲಿಕ್ಕಿಲ್ಲ. ಡಬ್ಬಿ ಇಟ್ಟು ಓಡಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ.

"ಹಲೋ," ಎಂದಿತು ಫೋನು.

"ಸಾರ್, ನಾನು. ಒಂದು ವಿಷಯ ಹೇಳ್ಬೇಕಿತ್ತು..."

"ಮಾವ, ಬೇಡ! ಆ ತುಂಡು ಅದರದ್ದಲ್ಲ! ನನ್ನ ಹಡಗಿಂದು! ನಾನೇ ಹಾಕಿದ್ದು!"

ಮೂರು ದಿನ ಕಟ್ಟಿಟ್ಟದ್ದೆಲ್ಲ ಒಂದೇ ಉಸಿರಿಗೆ ಹೊರಗೆ ಬಿತ್ತು. ಕಳೆದದ್ದು, ಹುಡುಕಿದ್ದು, ತೂಗಿದ್ದು. ಮಾವ ಅವಳನ್ನು ನೋಡಿದರು, ತುಂಡನ್ನು ನೋಡಿದರು. ಫೋನು "ಹಲೋ? ಹಲೋ?" ಎನ್ನುತ್ತಲೇ ಇತ್ತು.

"ಏನಿಲ್ಲ ಸಾರ್," ಎಂದರು ಕೊನೆಗೆ. "ಇಪ್ಪತ್ತನೇ ತಾರೀಕು ಪ್ಲಾಸ್ಟರ್ ಬಿಚ್ತಾರೆ. ನನ್ನ ಬಸ್ಸನ್ನ ಇನ್ಯಾರಿಗೂ ಕೊಡಬೇಡಿ, ಅದಕ್ಕೇ ಫೋನ್ ಮಾಡ್ದೆ."

ಫೋನ್ ಇಟ್ಟ ಮೇಲೆ ಅವರು ನಗಲಿಲ್ಲ.

"ಮೂರು ದಿನದಿಂದ ನಿದ್ದೆ ಬಂದಿಲ್ಲ ಕಣಮ್ಮ ನಂಗೆ."

ಇದಕ್ಕಿಂತ ಎರಡು ಬೈದಿದ್ದರೇ ಚೆನ್ನಾಗಿತ್ತು. ಪಟಾಕಿ ತೋಳಿನಿಂದ ಮೂಗು ಒರೆಸಿಕೊಂಡಳು. "ಸಾರಿ ಮಾವ" ಎಂದದ್ದು ಅವಳಿಗೇ ಕೇಳಿಸಲಿಲ್ಲ.

"ಲೈಬ್ರರೀಲಿ ಯಾರು ಹೇಳೋದು?"

"ನಾನೇ ಹೇಳ್ತೀನಿ."

ಮಾವ ಆ ತುಂಡನ್ನು ಅಂಗಿ ಜೇಬಿಗೆ ಹಾಕಿಕೊಂಡರು.

ಮರುದಿನ ಮೇಡಂ ಡಬ್ಬವನ್ನು ತಕ್ಕಡಿಗೆ ಇಡುವ ಮೊದಲೇ ಅವಳು, "ತೂಗಬೇಡಿ ಮೇಡಂ" ಎಂದಳು. ಎಲ್ಲ ಹೇಳಿದಳು. ಮೇಡಂ ಕಾರ್ಡನ್ನು ಡ್ರಾಯರಿಗೆ ಹಾಕಿ, "ಒಂದು ತಿಂಗಳು" ಎಂದರು. ಆಮೇಲೆ ಪೆನ್ಸಿಲ್ ತೆಗೆದು ಡಬ್ಬದ ಪಕ್ಕಕ್ಕೆ ಬರೆದರು: "499. ಆಕಾಶದಲ್ಲಿ ಒಂದಿಲ್ಲ." ಮತ್ತೆ ಶೆಲ್ಫಿಗೇ ಇಟ್ಟರು.

ಪಟಾಕಿ ಅವತ್ತೇ ಮೊದಲ ಸಲ ಡಬ್ಬಗಳ ಪಕ್ಕ ನೋಡಿದ್ದು. "ಬೆಕ್ಕಿನ ಬಾಲ ಇಲ್ಲ." "ಮೂಲೆ ಒಂದಿಲ್ಲ." "ಎರಡು ಎಲೆ ಇಲ್ಲ." ಎರಡು ವರ್ಷದಿಂದ ಬರುತ್ತಿದ್ದರೂ ಮುಚ್ಚಳದ ಚಿತ್ರ ಬಿಟ್ಟು ಬೇರೇನನ್ನೂ ಅವಳು ನೋಡಿರಲಿಲ್ಲ. ಇಷ್ಟು ಜನ ಇಲ್ಲೇ ನಿಂತು, ಕಳೆದುಹೋಯಿತು ಎಂದು ಹೇಳಿದ್ದರು. ಒಂದೊಂದನ್ನೂ ಬಿಡದೆ ಓದಿದಳು.

ಸಂಜೆ ತನ್ನ ಹಡಗನ್ನು ಎತ್ತಿಕೊಂಡು ಕೆಳಗಿಳಿದಳು.

"ಇದ್ರಲ್ಲಿ ಎಲ್ಲ ಇದ್ಯಾ?" ಕೇಳಿದರು ಮಾವ.

"ಎಣಿಸಿದ್ದೀನಿ. ಒಂದು ನಿಮ್ ಹತ್ರ ಇದೆ."

ಎಂಟು ಸಂಜೆ ಮಾವ ಒಬ್ಬರೇ ಜೋಡಿಸಿದರು. ಪಟಾಕಿ ನೆಲದಲ್ಲಿ ಕೂತು ಹೋಮ್‌ವರ್ಕ್ ಮಾಡಿದಳು. ಕೈ ತುರಿಸುತ್ತಿತ್ತು, ಆದರೂ ಒಂದು ತುಂಡನ್ನೂ ಮುಟ್ಟಲಿಲ್ಲ. ಒಂಬತ್ತನೇ ದಿನ ಹಡಗಿನ ಮೇಲಿನ ಆಕಾಶದಲ್ಲಿ ಒಂದೇ ತೂತು ಉಳಿಯಿತು. ಮಾವ ಅಂಗಿ ಜೇಬಿನಿಂದ ಆ ತುಂಡು ತೆಗೆದು ಅವಳತ್ತ ಚಾಚಿದರು.

"ನೀನೇ ಕೂರಿಸು."

ಪಟಾಕಿ ಸುಮ್ಮನೆ ಇಟ್ಟಳಷ್ಟೆ, ಒತ್ತಲೂ ಇಲ್ಲ. ಟಕ್ ಎಂದು ಕೂತಿತು.

"ಪಾಪ, ಇದನ್ನ ಸುಮ್‌ಸುಮ್ನೆ ಬೈದೆ," ಎಂದರು ಡ್ರೈವರ್ ಮಾವ.

ಪಟಾಕಿ ತಲೆ ಬಗ್ಗಿಸಿ ಆಕಾಶದ ಮೇಲೆ ಬೆರಳಾಡಿಸಿದಳು. ಆ ತುಂಡು ಯಾವುದೆಂದು ಈಗ ಹುಡುಕಬೇಕಾಯಿತು.