ಹೋರಿ ಗುಮ್ಮಿದ ಎದೆ

ಡೇರಿಗೆ ಹಾಲು ಹಾಕಲು ಹೊರಟಿದ್ದ ಸಿದ್ದವ್ವ ಬನವಾಸಿ ರಸ್ತೆಯ ತಿರುವಿನಲ್ಲಿ ಸತ್ತುಬಿದ್ದಿದ್ದಳು. ಪೊಲೀಸರು ಬಂದಾಗ ಬೆಳಿಗ್ಗೆ ಏಳೂವರೆ. ಸ್ವಲ್ಪ ಆಚೆ ಸಂಗಯ್ಯನ ಪಿಕಪ್ ಮರಕ್ಕೆ ಮುಖ ಗುದ್ದಿಕೊಂಡು ನಿಂತಿತ್ತು. ಒಳಗೆ ನರಪಿಳ್ಳೆಯೂ ಇಲ್ಲ. ಸ್ಟೇರಿಂಗ್ ಬಗ್ಗಿಹೋಗಿತ್ತು.

ಎಸ್ಐ ರೋಹಿಣಿ ಸಿರಸಿಯ ಠಾಣೆಗೆ ಮರಳಿದಾಗ ಅಪರಾಧಿ ತಾನಾಗಿಯೇ ಬಂದು ಬೆಂಚಿನ ಮೇಲೆ ಕೂತಿದ್ದ. ಮಂಜ, ಸಂಗಯ್ಯನ ಮನೆಯ ಆಳು. ಗೇಟಿನ ಹತ್ತಿರ ಅವನ ಹೆಂಡತಿ ದೇವಿ, ಏಳು ತಿಂಗಳ ಬಸುರಿ, ಅಳುತ್ತ ನಿಂತಿದ್ದಳು.

“ನಾನೇ ಹೊಡ್ದದ್ದು ಮೇಡಂ. ಬರ್ಕಳಿ.”

ಅಂಗಿ ಬಿಚ್ಚು ಅಂದಳು ರೋಹಿಣಿ. ಎದೆಯ ಮೇಲೆ ಒಂದು ಗೀರೂ ಇಲ್ಲ. ಸ್ಟೇರಿಂಗ್ ಬಗ್ಗಿಸಿದ ಎದೆ ಇದಲ್ಲ ಎನ್ನಲು ಪೊಲೀಸ್ ತರಬೇತಿ ಬೇಕೇ? ಅವಳಿಗೆ ಮೈ ಉರಿಯಿತು. ಯಾರು ಹೇಳಿಕೊಟ್ಟಿದ್ದು ಎಂದು ಗದರಿಸಿದರೂ ಮಂಜ ಬಾಯಿ ಬಿಡಲಿಲ್ಲ. ಅವನ ಗುಡಿಸಲು ಇರುವುದು ಸಂಗಯ್ಯನ ಜಾಗದಲ್ಲಿ. ನಿಜವಾದವನು ಸಿಗದಿದ್ದರೆ ಕೂಸು ಹುಟ್ಟುವಾಗ ಅಪ್ಪ ಜೈಲಿನಲ್ಲಿರುತ್ತಾನೆ.

* * *

ಹನ್ನೊಂದಕ್ಕೆ ಸಿರಸಿಯ ಖಾಸಗಿ ಆಸ್ಪತ್ರೆಯಿಂದ ಫೋನು ಬಂತು. ಸಂಗಯ್ಯನ ಮಗ ಸುಭಾಷನಿಗೆ ಕೊಟ್ಟಿಗೆಯಲ್ಲಿ ಹೋರಿ ಗುಮ್ಮಿತಂತೆ. ಹುಬ್ಬಳ್ಳಿ ಮುಟ್ಟುವಷ್ಟು ಉಸಿರು ಅವನಲ್ಲಿರಲಿಲ್ಲ. ಪುಣ್ಯಕ್ಕೆ ವಾರಕ್ಕೊಮ್ಮೆ ಬರುವ ಹೃದಯದ ಸರ್ಜನ್ ಮೇಧಾ, ಯಲ್ಲಾಪುರದವರು, ಅಂದು ಅಲ್ಲಿದ್ದರು.

ರೋಹಿಣಿ ಕಾದು ಕೂತಳು. ಆಪರೇಷನ್ ಮುಗಿಸಿ ಬಂದ ಮೇಧಾ ವಿವರಿಸಿದರು. ಎದೆಗೆ ಬಲವಾದ ಗುದ್ದು. ಎದೆಮೂಳೆಗೂ ಬೆನ್ನುಮೂಳೆಗೂ ನಡುವೆ ಹೃದಯ ಅಮುಕಿಹೋಗಿ, ಬಲಗಡೆಯ ಮೇಲಿನ ಕೋಣೆ ಉಗುರಿನಷ್ಟು ಹರಿದಿತ್ತು. ರಕ್ತ ಸುತ್ತಲಿನ ಚೀಲದಲ್ಲಿ ನಿಧಾನಕ್ಕೆ ತುಂಬಿ ಹೃದಯವನ್ನೇ ಹಿಸುಕುತ್ತಿತ್ತು. ಅದಕ್ಕೇ ನಾಲ್ಕು ತಾಸು ಓಡಾಡಿಕೊಂಡಿದ್ದು ಆಮೇಲೆ ಕುಸಿದ. ಎದೆಮೂಳೆ ಸೀಳಿ, ರಕ್ತ ತೆಗೆದು, ಹರುಕನ್ನು ಹೊಲಿದಾಗಿದೆ.

“ಸ್ಟೇರಿಂಗಾ, ಹೋರಿಯಾ?”

“ಎರಡೂ ಆಗ್ಬಹುದು. ಗುದ್ದಿದ್ದು ಎಂತದು ಅಂತ ಹರುಕು ಹೇಳೂದಿಲ್ಲ.”

ಹೊರಗೆ ಸಂಗಯ್ಯ ಹಲ್ಲು ಕಡಿಯುತ್ತ ನಿಂತಿದ್ದ. “ಹುಡುಗನ ಎದಿ ಸೀಳ್ಯಾರ. ಅಂಥಾದ್ರಾಗ ನೀವೊಬ್ರು ಪಂಚಾಯ್ತಿ ಮಾಡಾಕ ಬಂದ್ರಿ.”

* * *

ಮರುದಿನ ಸಂಗಯ್ಯನ ಊರಿನಲ್ಲಿ ಬಾಗಿಲುಗಳು ರೋಹಿಣಿಯ ಮುಖದ ಮೇಲೇ ಮುಚ್ಚಿದವು. ಸಂಗಯ್ಯ ಕೂರಲೂ ಹೇಳಲಿಲ್ಲ. ಕೊಟ್ಟಿಗೆಯಲ್ಲಿ ಹೋರಿ ಮೈ ಮಿರಮಿರ ಮಿಂಚಿಸುತ್ತ ನಿಂತಿತ್ತು. ಹೋರಿ ಹಬ್ಬಕ್ಕೆ ಇನ್ನು ತಿಂಗಳೂ ಇಲ್ಲ. ಗೋಡೆಯ ತುಂಬ ಅದರ ಫೋಟೋಗಳೇ. ಮಗನದು ಒಂದೂ ಇಲ್ಲ.

ರೋಹಿಣಿ ಅದನ್ನು ನೋಡಿದಳು. ಕಾಗದ ತೆಗೆದಳು. ಮನೆಯವರನ್ನೇ ಗುಮ್ಮುವ ಪ್ರಾಣಿಯನ್ನು ಜನರ ನಡುವೆ ಓಡಿಸಬಾರದೆಂದು ಹಬ್ಬದ ಸಮಿತಿಗೆ ಬರೆಯುತ್ತೇನೆ, ಸಹಿ ಹಾಕಿ ಅಂದಳು.

ಸಂಗಯ್ಯ ಕಾಗದವನ್ನು ಆಚೆ ದೂಡಿದ. “ಕೂಸುಗಳು ಇದರ ಕಾಲಾಗ ಆಡ್ತಾವ್ರಿ. ಮನಿ ಮಂದಿಗೆ ಒಂದಿನಾನೂ ಕೋಡು ತೋರ್ಸಿಲ್ಲ.”

“ನಿನ್ನೆ ಬೆಳಿಗ್ಗೆ ತೋರಿಸ್ತಲ್ಲ.”

“ನಿನ್ನೆ ಮುಂಜಾನಿ ಅದು ಇಲ್ಲೆಲ್ಲಿತ್ರಿ? ಐದಕ್ಕ ಈಜು ಬಿಡಾಕ ಕೆರಿಗೆ ಹೊಡಕೊಂಡು ಹೋಗಿದ್ರು. ಮಧ್ಯಾಹ್ನದ ತನಕ ಅಲ್ಲೇ ಇತ್ತು. ಊರ ಮಂದೀನ ಕೇಳ್ರಿ.”

ಆಡಿದ ಮೇಲೆ ಅವನಿಗೆ ಹೊಳೆಯಿತು.

ರೋಹಿಣಿ ಸಾವಕಾಶ ಬಿಡಿಸಿ ಹೇಳಿದಳು. ಸ್ಟೇರಿಂಗ್ ಒಂದು ಎದೆಗೆ ಗುದ್ದಿ ಬಗ್ಗಿದೆ. ಮಂಜನ ಎದೆ ಸ್ವಚ್ಛವಿದೆ. ಅದೇ ಹೊತ್ತಿಗೆ ನಿಮ್ಮ ಮಗನ ಎದೆಗೆ ಗುದ್ದು ಬಿದ್ದಿದೆ. ಹೋರಿ ಕೆರೆಯಲ್ಲಿತ್ತು. ಮಗನಿಗಾಗಿ ಸುಳ್ಳು ಹೇಳಿದಿರಿ, ಹೋರಿಯ ಹೆಸರು ಕೆಡಿಸಲು ಮನಸ್ಸಾಗಲಿಲ್ಲ.

* * *

ಇದು ತಿಳಿದ ಮೇಲೆ ಮಂಜ ಬಾಯಿ ಬಿಟ್ಟ. ಗುಡಿಸಲು ಕಿತ್ತು ಬಿಸಾಡುತ್ತೇನೆ ಎಂದು ಸಂಗಯ್ಯ ಹೆದರಿಸಿದ್ದನಂತೆ. ಏಳರ ಹೊತ್ತಿಗೆ ಮಂಜ ಆ ತಿರುವಿಗೆ ಹೋದಾಗ ಸಿದ್ದವ್ವ ಇನ್ನೂ ನೀರು ಕೇಳುತ್ತಿದ್ದಳು. ಅವಳ ಗೊಡವೆ ಬಿಡು, ಠಾಣೆಗೆ ನಡೆ ಎಂದಿದ್ದ ಸಂಗಯ್ಯ. ಅದನ್ನು ಹೇಳುವಾಗ ಮಂಜ ತಲೆ ಎತ್ತಲಿಲ್ಲ. ದೇವಿ ಅವನ ಕೈ ಹಿಡಿದು ಮನೆಗೆ ಕರೆದೊಯ್ದಳು.

ಸಂಜೆ ರೋಹಿಣಿ ಸಿದ್ದವ್ವನ ಮರಣೋತ್ತರ ವರದಿಯನ್ನು, ಸುಭಾಷನನ್ನು ನೋಡಿಕೊಳ್ಳಲು ಆಸ್ಪತ್ರೆಯಲ್ಲೇ ಉಳಿದಿದ್ದ ಮೇಧಾರ ಮುಂದಿಟ್ಟಳು. ಮೇಧಾ ಎರಡು ಸಲ ಓದಿದರು.

“ಇದೇ ಜಾಗ. ಇಷ್ಟೇ ಹರುಕು. ನಾ ನಿನ್ನೆ ಏಳಕ್ಕೇ ಇಲ್ಲಿದ್ದೆ.”

ಒಳಗೆ ಸುಭಾಷ ಕಣ್ಣು ಬಿಟ್ಟಿದ್ದ. ನಾನು ಉಳಿತೀನೇನ್ರಿ ಎಂದು ಕ್ಷೀಣವಾಗಿ ಕೇಳಿದ.

“ಉಳೀತೀಯ,” ಅಂದಳು ರೋಹಿಣಿ. “ಸಿದ್ದವ್ವನ ಎದೆಯಲ್ಲೂ ಇದೇ ಹರುಕಿತ್ತು. ಎತ್ತಿ ತಂದಿದ್ರೆ ಪಕ್ಕದ ಮಂಚದಲ್ಲಿ ಇರ್ತಿದ್ಲೇನೋ.”

ಪಕ್ಕದ ಮಂಚ ಖಾಲಿಯಿತ್ತು. ಕಾನ್‌ಸ್ಟೇಬಲ್ ಅದರ ಹತ್ತಿರ ಕುರ್ಚಿ ಎಳೆದುಕೊಂಡು ಕಾವಲಿಗೆ ಕೂತ.