ಕೆಂಚನ ಮಗಳಿಗೆ ಬಿಳಿ ಕೂದಲು

ಕುದುರೆ ಎರಡೂ ಮುಂಗಾಲು ಎತ್ತಿತು...

ನನ್ನ ತಲೆಯ ನೇರಕ್ಕೆ!

ಪಕ್ಕಕ್ಕೆ ಉರುಳಿದೆ. ಗೊರಸು ಗೋಡೆಗೆ ಬಡಿಯಿತು. ಗಾರೆ ಉದುರಿ ಕಣ್ಣಿಗೆ ಬಿತ್ತು.

ಲಾಯದವರೆಲ್ಲ ಅದನ್ನು ಕರೆಯುವುದೇ 'ರೌಡಿ' ಎಂದು. ಮೇವು ಹಾಕುವವನ ಹೆಬ್ಬೆರಳು ಕಚ್ಚಿ ತೆಗೆದ ಮಹಾನುಭಾವ. ಬಾಗಿಲಿಗೆ ಹೊರಗಿನಿಂದ ಬೋಲ್ಟ್ ಬಿದ್ದಿತ್ತು. ತಾನಾಗಿ ಬಿದ್ದದ್ದಲ್ಲ. ಯಾರೋ ನನ್ನನ್ನು ಹಿಂದಿನಿಂದ ಒಳಗೆ ದಬ್ಬಿ, ಹಾಕಿಕೊಂಡು ಹೋಗಿದ್ದರು.

"ಯಾರಯ್ಯಾ ಅದು? ಬಾಗಿಲು ತೆಗಿ!"

ದೂರ ಸರಿಯುವ ಹೆಜ್ಜೆ ಸಪ್ಪಳ ಮಾತ್ರ.

ರೌಡಿ ತಿರುಗಿ ಹಿಂಗಾಲು ಝಾಡಿಸಿತು. ಪಕ್ಕೆಲುಬಿನಲ್ಲಿ ಏನೋ ಲಟಕ್ ಎಂದಿತು. ನೀರಿನ ಬಕೆಟ್ ಎತ್ತಿ ಅದರ ಮುಖಕ್ಕೆ ಎರಚಿದೆ. ಅದು ತಲೆ ಕೊಡವುವಷ್ಟರಲ್ಲಿ ಮೇವಿನ ತೊಟ್ಟಿಯ ಮೇಲೆ ಕಾಲಿಟ್ಟು ಅಡ್ಡಗೋಡೆ ಹತ್ತಿ ಆ ಕಡೆ ಬಿದ್ದೆ.

ಅಲ್ಲಿಗೆ ಯಾಕೆ ಹೋದೆ ಅಂತೀರಾ? ಹೇಳುತ್ತೇನೆ ಕೇಳಿ ಸಾರ್.

ನನ್ನದು ಪತ್ತೆ ಕೆಲಸ. ಕಳೆದುಹೋದ ಮನುಷ್ಯರು, ಕಳೆದುಹೋದ ಕಾರು... ಈ ಸಲ ಕಳೆದುಹೋದದ್ದು ಒಂದು ಕುದುರೆಯ ಓಟ.

ಕೆಂಚಿ. ಎರಡು ವರ್ಷದ ಹೆಣ್ಣು ಕುದುರೆ. ಇನ್ನೂ ಮೊದಲ ರೇಸ್ ಓಡಿಲ್ಲ. ಅಪ್ಪ ದೊಡ್ಡ ದೊಡ್ಡ ಟ್ರೋಫಿಗಳನ್ನೆಲ್ಲ ಬಾಚಿಕೊಂಡವನು. ಗೇಟು ತೆರೆದರೆ ಬಾಣ! ಅಮ್ಮ ದೂರದ ಓಟದವಳು. ಕೊನೆಯ ತಿರುವಿನಲ್ಲಿ ಉಳಿದವರು ಏದುಸಿರು ಬಿಡುವಾಗ ಇವಳ ಆಟ ಶುರು. ಮಗಳನ್ನು ಹೆತ್ತ ದಿನವೇ ತೀರಿಕೊಂಡಳು. ಮರಿಗೆ ಬಾಟಲಿ ಹಿಡಿದು ಸಾಕಿದವರು ಮಾಲಕಿ. ನಾವೆಲ್ಲ ಅಮ್ಮಾವ್ರು ಅನ್ನುತ್ತೇವೆ.

"ಹೋದ ತಿಂಗಳು ಗಾಳಿ ಥರ ಓಡ್ತಿದ್ಲು ಕಣಪ್ಪ. ಈಗ ಎಮ್ಮೆ ಥರ ಹೋಗ್ತಾಳೆ. ಯಾರೋ ಏನೋ ಕೊಡ್ತಿದಾರೆ. ಕಂಡುಹಿಡಿ" ಎಂದರು.

ಲಾಯ ನನ್ನ ಭಾವನದು. ಭಾವ ಟ್ರೇನರ್. ನಾನು ಬೆಳೆದದ್ದೂ ಅಲ್ಲೇ. ಅಪ್ಪ ಅಮ್ಮ ಹೋದ ಮೇಲೆ ಅಕ್ಕ ನನ್ನ ಕೈ ಹಿಡಿದುಕೊಂಡೇ ಗಂಡನ ಮನೆಗೆ ಬಂದವಳು. ಊಟ ಹಾಕಿದಳು. ಓದಿಸಿದಳು. ಕುದುರೆ ಹತ್ತುವುದನ್ನೂ ಕಲಿಸಿದಳು.

"ಬೆಳೆಯೋ ವಯಸ್ಸು ಕಣೋ. ಕಾಲು ನೋವಿರ್ಬೇಕು, ಸರಿಹೋಗುತ್ತೆ" ಎಂದು ಭಾವ ಕೈ ಕೊಡವಿದ.

ಕೆಂಚಿ ಬಿಸಿಲಲ್ಲಿ ಬೆವರಿ ನಿಂತಿದ್ದಳು. ಮುಖ ಒರೆಸಿದೆ. ಅಂಗೈ ನೋಡಿಕೊಂಡೆ.

ಬಣ್ಣ!

ಒದ್ದೆ ಬಟ್ಟೆ ತಂದು ಕಣ್ಣಿನ ಸುತ್ತ ಉಜ್ಜಿದೆ. ಕೆಂಚು ಇಳಿಯಿತು. ಬಿಳಿ ಕೂದಲು ಇಣುಕಿತು.

ಬಿಳಿ ಕುದುರೆ ಹುಟ್ಟುವಾಗಲೇ ಬಿಳಿ ಇರುವುದಿಲ್ಲ ಸಾರ್. ಕೆಂಚಾಗಿಯೋ ಕಪ್ಪಾಗಿಯೋ ಹುಟ್ಟಿ, ಬೆಳೆಯುತ್ತಾ ಕಣ್ಣಂಚಿನಿಂದ ನರೆಯುತ್ತದೆ. ಆದರೆ ಹಾಗೆ ನರೆಯಬೇಕಾದರೆ ಹೆತ್ತವರಲ್ಲಿ ಒಬ್ಬರಾದರೂ ಬಿಳಿ ಇರಲೇಬೇಕು. ಕೆಂಚಿಯ ಅಪ್ಪ ಅಪ್ಪಟ ಕೆಂಚ. ಅಮ್ಮನೂ ಕೆಂಚು. ಹಾಗಾದರೆ ಈ ಬಿಳಿ ಯಾವ ಮನೆಯದು?

ಇವಳು ಕೆಂಚಿಯೇ ಅಲ್ಲ!

ಕತ್ತಿನಲ್ಲಿ ಗುರುತಿನ ಮೈಕ್ರೋಚಿಪ್ ಇರುತ್ತಲ್ಲ ಅಂತೀರಾ? ಅದನ್ನು ಓದುವ ಡಾಕ್ಟರು 'ಕನ್ನಡಕ' ಎಂಬ ಬೆಟ್ಟಿಂಗ್ ಬುಕ್ಕಿಯ ಭಾಮೈದ. ಇನ್ನೇನು ಬೇಕು?

ಬಟ್ಟೆ ಹಿಡಿದುಕೊಂಡು ಓಣಿಗೆ ಬಂದೆ. ಪಕ್ಕದ ರೌಡಿಯ ಬಾಗಿಲು ಯಾಕೋ ಸರಿದಿತ್ತು. ಬೆನ್ನಿಗೆ ಕೈ ಬಿತ್ತು... ಮುಂದಿನದು ನಿಮಗೆ ಗೊತ್ತು.

ಎದೆ ಹಿಡಿದುಕೊಂಡು ಲಾಯದ ಹಿಂದಿನ ಮನೆಗೆ ಹೋದೆ. ಅಕ್ಕ ಗಾಬರಿಯಾಗಿ ಹಳೆ ಸೀರೆ ಹರಿದು ಪಕ್ಕೆಗೆ ಕಟ್ಟಿದಳು. ಎಲ್ಲಾ ಹೇಳಿದೆ. ಬಣ್ಣ, ಬಿಳಿ ಕೂದಲು, ಎಲ್ಲಾ.

"ಯಾರು ಮಾಡಿದ್ದು ಅಂತೀಯ?"

"ಭಾವ. ಇನ್ಯಾರು?"

ಅಕ್ಕ ಗಂಟು ಬಿಗಿದಳು.

"ಈಗ ಸುಮ್ನೆ ಮನೆಗೆ ಹೋಗಿ ಮಲಗು. ನಾನು ಅವರ ಹತ್ರ ಮಾತಾಡ್ತೀನಿ. ಪೊಲೀಸು ಗಿಲೀಸು ಅಂತ ಓಡ್ಬೇಡ. ನನ್ನಾಣೆ!"

ಹೂಂ ಅಂದೆ. ಹೋಗಲಿಲ್ಲ. ಎದುರಿನ ಪಂಕ್ಚರ್ ಅಂಗಡಿಯಲ್ಲಿ ಕೂತು ಗೇಟು ಕಾದೆ. ಭಾವ ಹೊರಟರೆ ಬೆನ್ನು ಹತ್ತಬೇಕು.

ಹೊರಟದ್ದು ಭಾವನಲ್ಲ.

ಅಕ್ಕ! ಸ್ಕೂಟರಿನಲ್ಲಿ. ಕಾಲಲ್ಲಿ ಸವಾರಿಯ ಬೂಟು. ಬೆನ್ನು ನೋವು, ಸವಾರಿ ಬಿಟ್ಟೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದವಳು!

ಬೈಕ್ ಹತ್ತಿ ಬೆನ್ನು ಹತ್ತಿದೆ. ಪ್ರತಿ ಗುಂಡಿಗೂ ಪಕ್ಕೆಯಲ್ಲಿ ಚಾಕು ಆಡಿದ ಹಾಗೆ. ಊರಾಚೆ ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆ. ಮುರಿದ ಕಾಂಪೌಂಡಿನ ಸಂದಿಯಿಂದ ನೋಡಿದೆ.

ಒಳಗೆ ಮಣ್ಣು ಹದ ಮಾಡಿದ ಓಟದ ದಾರಿ. ಅದರ ಮೇಲೆ ಅಸಲಿ ಕೆಂಚಿ! ನೆಲ ಮುಟ್ಟುತ್ತಿದ್ದಾಳೋ ಇಲ್ಲವೋ ಅನ್ನುವ ಓಟ. ಅಪ್ಪನ ಬಾಣ, ಅಮ್ಮನ ಉಸಿರು. ಅವಳ ಬೆನ್ನ ಮೇಲೆ ಹುಡುಗಿಯ ಹಾಗೆ ಬಾಗಿ ಕೂತ ನನ್ನ ಅಕ್ಕ.

ಅವಳು ಇಳಿಯುವ ತನಕ ಕಾದೆ. ಒಳಗೆ ನಡೆದೆ.

"ಬೆನ್ನು ನೋವು ಹೇಗಿದೆ ಅಕ್ಕ?"

ಅವಳು ಸರಕ್ಕನೆ ತಿರುಗಿದಳು. "ಮನೆಗೆ ಹೋಗು ಅಂದಿದ್ದೆ ನಿನಗೆ..."

"ಬೋಲ್ಟ್ ಹಾಕಿದ್ದು?"

ಕೆಂಚಿಯ ಕತ್ತು ಸವರಿದಳು. "ನೀನು ಹೇಗಾದ್ರೂ ಹೊರಗೆ ಬರ್ತೀಯ ಅಂತ ಗೊತ್ತಿತ್ತು."

"ಬರದೇ ಇದ್ದಿದ್ರೆ?"

ಅವಳು ಕುದುರೆಯ ಜೀನಿನ ಪಟ್ಟಿ ಸರಿಮಾಡತೊಡಗಿದಳು.

"ಯಾಕಕ್ಕ?"

"ಯಾಕಾ? ಇವಳ ಬಾಯಿಗೆ ಮೊದಲನೇ ಲಗಾಮು ಇಟ್ಟೋಳು ನಾನು! ಉದ್ದ ಹಗ್ಗ ಹಿಡ್ಕೊಂಡು ವಾರಗಟ್ಟಲೆ ಸುತ್ತಿಸಿದೋಳು ನಾನು! ಜೀನು ಕಂಡ್ರೆ ಹಾರ್ತಿದ್ಲು... ಬೆನ್ನ ಮೇಲೆ ಮೂಟೆ ಥರ ಅಡ್ಡ ಮಲಗಿ ಮಲಗಿ ಭಾರ ಅಭ್ಯಾಸ ಮಾಡ್ಸಿದೆ. ಸ್ಟಾರ್ಟಿಂಗ್ ಗೇಟಲ್ಲಿ ನಡುಗ್ತಿದ್ಲು... ಒಳಗೆ ಜೊತೆಗೇ ನಿಂತು ಮೇವು ತಿನ್ನಿಸಿದೆ. ಟ್ರೇನರ್ ಯಾರು? ನಿನ್ನ ಭಾವ! ಈಗ ಅಮ್ಮಾವ್ರು ಇವಳನ್ನ ಇನ್ಯಾರೋ ದೊಡ್ಡ ಟ್ರೇನರ್ ಹತ್ರ ಕಳಿಸ್ತಾರಂತೆ. ನನ್ನ ಒಂದು ಮಾತು ಕೇಳಿದ್ರಾ? ಕನ್ನಡಕನ ದುಡ್ಡಲ್ಲಿ, ದೂರದ ಊರಲ್ಲಿ ಬೇರೆ ಹೆಸರಲ್ಲಿ ಓಡ್ತಾಳೆ. ಅಲ್ಲಿ ಟ್ರೇನರ್ ನಾನು!"

"ಭಾವನಿಗೆ ಗೊತ್ತಾ?"

"ಅವರಿಗೆ ಕುದುರೆ ಬದಲಾಗಿದ್ದೇ ಗೊತ್ತಾಗ್ಲಿಲ್ಲ!"

ಹಿಂದೆ ಯಾರೋ ನಕ್ಕರು. ಬುಕ್ಕಿ ಕನ್ನಡಕ. ಜೊತೆಗೆ ಇಬ್ಬರು. ಒಬ್ಬನ ಕೈಯಲ್ಲಿ ಕಬ್ಬಿಣದ ರಾಡು.

"ಸಾಕು ಅಕ್ಕ ತಮ್ಮನ ಮಾತುಕತೆ. ಇಟ್ಟಿಗೆ ಗೂಡು ಖಾಲಿ ಇದೆ. ಇವನನ್ನ ಇಲ್ಲೇ ಮುಗಿಸೋಣ."

ನಾನು ಅಕ್ಕನ ಮುಖ ನೋಡಿದೆ. ಸುಮ್ಮನೆ ಒಂದು 'ಬೇಡ' ಅಂದರೆ ಸಾಕಿತ್ತು ಸಾರ್.

ಅಂದಳು. ಹೀಗೆ...

"ಕುದುರೆ ಮುಂದೆ ಬೇಡ. ಹೆದರ್ತಾಳೆ."

ರೌಡಿಯ ಒದೆಯೂ ಅಷ್ಟು ನೋಯಿಸಿರಲಿಲ್ಲ.

ರಾಡಿನವನು ಬೀಸಿದ. ಬಗ್ಗಿದೆ. ಅವನ ಹೊಟ್ಟೆಗೆ ಮೊಣಕೈ ಕೊಟ್ಟೆ. ಅಕ್ಕನ ಕೈಯಿಂದ ಲಗಾಮು ಕಿತ್ತುಕೊಂಡೆ. ಪಕ್ಕೆ ಹಿಡಿದುಕೊಂಡು ಎಗರಿದೆ. ಕೆಂಚಿ ಕಲ್ಲಿನ ಹಾಗೆ ನಿಂತಳು! ಹತ್ತುವವರು ಹತ್ತಿ ಕೂರುವ ತನಕ ಅಲುಗಬಾರದು ಎಂದು ಅವಳಿಗೆ ಕಲಿಸಿದ್ದೂ ಅಕ್ಕನೇ.

"ಇಳಿಯೋ! ಅವಳ ಬಾಯಿ ಎಳೀಬೇಡ್ವೋ!" ಅಕ್ಕ ಕೂಗಿದಳು.

ಆಗಲೂ ಚಿಂತೆ ಕುದುರೆಯ ಬಾಯಿಯದೇ.

ಹಿಮ್ಮಡಿ ಒತ್ತಿದೆ. ಗಾಳಿ ಕಿವಿಯಲ್ಲಿ ಸಿಳ್ಳೆ ಹಾಕಿತು. ಹಿಂದೆ ಜೀಪು ಸ್ಟಾರ್ಟ್ ಆಯಿತು. ರಸ್ತೆ ನೇರವಿದ್ದಷ್ಟು ಹೊತ್ತು ಜೀಪಿನದೇ ಮೇಲುಗೈ. ಹಾರ್ನ್ ಬೆನ್ನಿಗೇ ಬಂತು. ಬಂಪರ್ ಅವಳ ಬಾಲ ಸವರಿತು! ಲಗಾಮು ಎಡಕ್ಕೆ ಎಳೆದೆ. ಕಾಲುವೆಯ ಏರಿ. ಅಗಲ ಒಬ್ಬರು ನಡೆಯುವಷ್ಟು. ಕೆಂಚಿ ಒಂದೇ ನೆಗೆತಕ್ಕೆ ಏರಿದಳು. ಜೀಪೂ ಏರಲು ನೋಡಿತು... ಚಕ್ರ ಜಾರಿತು... ದಢಾರ್! ತಿರುಗಿ ನೋಡಿದೆ. ನಾಲ್ಕು ಚಕ್ರವೂ ಆಕಾಶಕ್ಕೆ. ಕನ್ನಡಕ ಸೊಂಟದ ಮಟ್ಟ ಕೆಸರಿನಲ್ಲಿ ನಿಂತು ಬಾಯಿಗೆ ಬಂದದ್ದು ಬೈಯುತ್ತಿದ್ದ.

ಅಲ್ಲಿಂದ ಮುಂದೆ ನಡೆಸಿಕೊಂಡು ಬಂದೆ. ಡಾಂಬರು ರಸ್ತೆ ಎಳೆಯ ಕಾಲಿಗೆ ಕೆಟ್ಟದ್ದು.

ಪೊಲೀಸ್ ಠಾಣೆಯ ಕಾಂಪೌಂಡಿನೊಳಗೆ ಕೆಂಚಿಯನ್ನು ನಿಲ್ಲಿಸಿದೆ. ಇನ್ಸ್‌ಪೆಕ್ಟರ್ ಟೀ ಲೋಟ ಹಿಡಿದುಕೊಂಡೇ ಹೊರಗೆ ಬಂದರು.

"ಏನ್ರೀ ಇದು, ಸ್ಟೇಷನ್ ಒಳಗೆ ಕುದುರೆ!"

"ಕಳ್ಳತನ ಸಾರ್. ಕೊಲೆ ಪ್ರಯತ್ನ ಕೂಡ. ಬರ್ಕೊಳ್ಳಿ."

ಒಳಗೆ ಕೂರಿಸಿದರು. ಪೆನ್ ತೆಗೆದರು. ಬುಕ್ಕಿಯ ವಿವರ ಹೇಳಿದೆ. ಡಾಕ್ಟರನ ವಿವರ ಹೇಳಿದೆ. ಆಮೇಲೆ ನೀರು ಕುಡಿದೆ. ಮೊದಲ ಆರೋಪಿಯ ವಿವರವನ್ನೂ ಹೇಳಿದೆ.

ಇನ್ಸ್‌ಪೆಕ್ಟರ್ ಬರೆಯುತ್ತಾ ತಲೆ ಎತ್ತದೆ ಕೇಳಿದರು.

"ಆ ಹೆಂಗಸಿಗೂ ನಿಮಗೂ ಏನು ಸಂಬಂಧ?"

"ಇವತ್ತು ಬೆಳಿಗ್ಗೆ ತನಕ ಅಕ್ಕ ಸಾರ್!"